ಕ್ರೀಡೆಯೂ ಒಂದು ಕಾಯಕ: ಸುಜಾನ್ ಲೆಂಗ್ಲೆನ್

ದುಡಿದವರಿಗೆ ದುಡಿಮೆಯ ಫಲ ಸಲ್ಲಬೇಕೆಂಬುದು ಅತ್ಯಂತ ಸರಳವಾದ ನ್ಯಾಯ. ನೇಕಾರನ ಬಟ್ಟೆಗೆ ಬೆಲೆಯಿದೆ. ಕಮ್ಮಾರನ ಕುಡುಗೋಲಿಗೆ ಬೆಲೆಯಿದೆ. ಪಾಠ ಹೇಳುವ ಉಪಾಧ್ಯಾಯನಿಗೆ ವೇತನವಿದೆ. ಯಾವ ಕಾಯಕವೂ ಕೀಳಲ್ಲವೆಂಬ ತತ್ತ್ವವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರಿಂದ ಕೇಳಿದ ನಾಡಿನ ಮಕ್ಕಳಿಗೆ ಇದು ಹೊಸ ಮಾತೇನೂ ಅಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಯೂರೋಪು ಮತ್ತು ಅಮೆರಿಕಗಳ ಟೆನಿಸ್ ಲೋಕವು ಈ ನ್ಯಾಯವನ್ನು ಒಪ್ಪಿರಲಿಲ್ಲ. ಸಾವಿರಾರು ಜನ ಹಣ ತೆತ್ತು ನೋಡಲು ಬರುತ್ತಿದ್ದ ಆಟಗಾರರು ತಮ್ಮ ಆಟಕ್ಕಾಗಿ ಬಹಿರಂಗವಾಗಿ ಒಂದು ಕಾಸನ್ನೂ ಪಡೆಯುವಂತಿರಲಿಲ್ಲ. ಪಡೆದರೆ ಅವರ ಗೌರವ ಹೋಗುತ್ತಿತ್ತು. ಪ್ರತಿಷ್ಠಿತ ಪಂದ್ಯಾವಳಿಗಳ ಬಾಗಿಲು ಅವರಿಗೆ ಮುಚ್ಚುತ್ತಿತ್ತು. ಈ ಕಟ್ಟಳೆಯನ್ನು ಕೀರ್ತಿಯ ಶಿಖರದಲ್ಲಿದ್ದಾಗಲೇ ಮುರಿದು, ಅದರ ಫಲವನ್ನು ಏಕಾಂಗಿಯಾಗಿ ಅನುಭವಿಸಿದವಳು ಫ್ರಾನ್ಸ್ ದೇಶದ ಸುಜಾನ್ ಲೆಂಗ್ಲೆನ್. ಮಹಿಳಾ ಟೆನಿಸ್‌ನ ಮೊಟ್ಟಮೊದಲ ವೃತ್ತಿಪರ ತಾರೆ ಎಂಬ ಹೆಸರು ಅವಳಿಗೆ ಸಲ್ಲುತ್ತದೆ.

ಸುಜಾನ್ 1899ನೆಯ ಇಸವಿ ಮೇ 24ರಂದು ಪ್ಯಾರಿಸ್ ನಗರದಲ್ಲಿ ಜನಿಸಿದಳು. ತಂದೆ ಚಾರ್ಲ್ಸ್ ಲೆಂಗ್ಲೆನ್, ತಾಯಿ ಅನಾಯಿಸ್. ಕುದುರೆಗಳು ಎಳೆಯುವ ಬಾಡಿಗೆ ಬಂಡಿಗಳ ಸಂಸ್ಥೆಯೊಂದು ತಂದೆಗೆ ಪಿತ್ರಾರ್ಜಿತವಾಗಿ ಬಂದಿತ್ತು. ಅದರಿಂದ ಬಂದ ಹಣದಲ್ಲಿ ಕುಟುಂಬವು ನೆಮ್ಮದಿಯಾಗಿ ಬಾಳುತ್ತಿತ್ತು. ಸುಜಾನಳ ತಮ್ಮನು ಎಳೆತನದಲ್ಲಿಯೇ ತೀರಿಕೊಂಡನಾದ್ದರಿಂದ ತಂದೆತಾಯಿಗಳ ಆಸೆಯೆಲ್ಲವೂ ಅವಳೊಬ್ಬಳ ಮೇಲೆ ನಿಂತಿತು. ಆದರೆ ಆ ಮಗುವಿನ ಆರೋಗ್ಯ ಚೆನ್ನಾಗಿರಲಿಲ್ಲ. ಉಬ್ಬಸ ಮೊದಲಾದ ತೊಂದರೆಗಳು ಅವಳನ್ನು ಕಾಡುತ್ತಿದ್ದವು. ಮುಂದೆ ಜಗತ್ತನ್ನೇ ಬೆರಗುಗೊಳಿಸಿದ ಈ ಆಟಗಾರ್ತಿಗೆ ದೇಹಬಲವು ಹುಟ್ಟಿನಿಂದ ಬಂದ ವರವಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಮಗಳ ದೇಹ ಸ್ವಲ್ಪ ಗಟ್ಟಿಯಾಗಲೆಂಬ ಉದ್ದೇಶದಿಂದ ತಂದೆಯು 1910ರ ಬೇಸಿಗೆಯಲ್ಲಿ ಅವಳ ಕೈಗೊಂದು ರ್‍ಯಾಕೆಟ್ ಕೊಟ್ಟನು. ಆಗ ಅವಳಿಗೆ ಹನ್ನೊಂದು ವರ್ಷ. ಕೆಲವೇ ತಿಂಗಳುಗಳಲ್ಲಿ ಅವಳು ಊರಾಚೆಯ ಪಂದ್ಯಾವಳಿಯೊಂದರಲ್ಲಿ ಆಡುವಷ್ಟು ಮುಂದುವರಿದಳು. ಮಗಳಲ್ಲಿ ಅಸಾಮಾನ್ಯ ಶಕ್ತಿಯಿದೆಯೆಂದು ಕಂಡುಕೊಂಡ ಚಾರ್ಲ್ಸ್ ಅವಳ ಶಿಕ್ಷಣವನ್ನು ತಾನೇ ವಹಿಸಿಕೊಂಡನು. ಚಳಿಗಾಲದಲ್ಲಿ ಈ ಕುಟುಂಬವು ದಕ್ಷಿಣ ಫ್ರಾನ್ಸಿನ ನೀಸ್ ನಗರದಲ್ಲಿ ವಾಸಿಸುತ್ತಿತ್ತು. ಮೆಡಿಟರೇನಿಯನ್ ಕರಾವಳಿಯ ಆ ಪಟ್ಟಣಕ್ಕೆ ಚಳಿಗಾಲದಲ್ಲಿ ಅನೇಕ ದೇಶಗಳ ಶ್ರೇಷ್ಠ ಆಟಗಾರರು ಬರುತ್ತಿದ್ದರು. ತಂದೆಯು ಅಂಕಣದ ಬದಿಯಲ್ಲಿ ಕುಳಿತು ಅವರ ಆಟವನ್ನು ಕಣ್ಣಿಟ್ಟು ನೋಡಿ, ಅವರ ಒಂದೊಂದು ಹೊಡೆತದ ಗುಟ್ಟನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಮನೆಗೆ ಬಂದು ಮಗಳಿಗೆ ಕಲಿಸುತ್ತಿದ್ದನು. ಹೆಂಗಸರು ಅಂಕಣದ ಹಿಂಭಾಗದಲ್ಲಿ ನಿಂತು ಚೆಂಡನ್ನು ಮೆಲ್ಲಗೆ ಮರಳಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಅವನು ಮಗಳಿಗೆ ಗಂಡಸರ ಆಟವನ್ನೇ ಮಾದರಿಯಾಗಿ ಇಟ್ಟನು. ಗಂಡಸರೊಡನೆಯೇ ಅಭ್ಯಾಸ ಮಾಡಿಸಿದನು.

ಆ ಅಭ್ಯಾಸದ ಕ್ರಮವು ಇಂದಿಗೂ ಪ್ರಸಿದ್ಧವಾಗಿದೆ. ತಂದೆಯು ಅಂಕಣದ ಒಂದು ಮೂಲೆಯಲ್ಲಿ ಕರವಸ್ತ್ರವೊಂದನ್ನು ಹಾಸುವನು. ಚೆಂಡು ಸರಿಯಾಗಿ ಅದರ ಮೇಲೆಯೇ ಬೀಳಬೇಕು. ಅದು ಸಾಧಿಸಿದ ಮೇಲೆ ಕರವಸ್ತ್ರವನ್ನು ಮಡಿಸಿ ಗುರಿಯನ್ನು ಕಿರಿದು ಮಾಡುವನು. ಹೀಗೆ ದಿನದಿನವೂ ಗಂಟೆಗಟ್ಟಲೆ ನಡೆದ ಸಾಧನೆಯಿಂದ ಸುಜಾನಳ ಹೊಡೆತಕ್ಕೆ ಬಾಣದ ಗುರಿ ಲಭಿಸಿತು. ಓಟ, ನೆಗೆತ, ಹಗ್ಗದಾಟಗಳಿಂದ ಅವಳ ಕಾಲುಗಳಿಗೆ ನೃತ್ಯಗಾತಿಯ ಲಾಘವ ಬಂದಿತು. ಆದರೆ ಈ ಶಿಕ್ಷಣದಲ್ಲಿ ಕಾಠಿಣ್ಯವೂ ಇತ್ತು. ತಪ್ಪು ಮಾಡಿದಾಗ ಜನರೆದುರಿಗೇ ಗದರಿಕೆ ಬೀಳುತ್ತಿತ್ತು. ಗೆಲುವು ಆ ಮನೆಯಲ್ಲಿ ಸಂತೋಷದ ಸಂಗತಿಯಾಗಿರದೆ ಸಲ್ಲಿಸಲೇಬೇಕಾದ ಕಪ್ಪವಾಗಿತ್ತು. ಅಂಕಣದ ಮೇಲೆ ನಗುನಗುತ್ತ ಹಾರಾಡುತ್ತಿದ್ದ ಸುಜಾನ್ ಒಳಗೆ ಎಷ್ಟೊಂದು ಆತಂಕವನ್ನು ಹೊತ್ತಿದ್ದಳೆಂಬುದು ಮುಂದೆ ಹಲವು ಸಲ ಬೆಳಕಿಗೆ ಬಂದಿತು.

1914ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಏರಿದ ಅವಳು, ಒಲಿಂಪಿಕ್ ವಿಜೇತೆ ಮಾರ್ಗರಿಟ್ ಬ್ರೋಕೆಡಿಸ್‌ಗೆ ಸೋತಳು. ಆದರೆ ಅದೇ ವರ್ಷ ಪ್ಯಾರಿಸ್ ಬಳಿಯ ಸೇಂಟ್ ಕ್ಲೂದಲ್ಲಿ ನಡೆದ ವಿಶ್ವ ಹಾರ್ಡ್‌ಕೋರ್ಟ್ ಪಂದ್ಯಾವಳಿಯ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದುಕೊಂಡಳು. ಆಗತಾನೆ ಹದಿನೈದು ವರ್ಷ ತುಂಬಿದ್ದ ಬಾಲಕಿ ಜಗತ್ತಿನ ಅಗ್ರಗಣ್ಯ ಆಟಗಾರ್ತಿಯರ ಸಾಲಿಗೆ ಸೇರಿದಳು. ಅಷ್ಟರಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ಅಂಕಣಗಳು ಬರಿದಾದವು. ನಾಲ್ಕು ವರ್ಷಗಳ ಕಾಲ ದೊಡ್ಡ ಪಂದ್ಯಾವಳಿಗಳೇ ಇರಲಿಲ್ಲ. ಆ ದೀರ್ಘವಾದ ಅಜ್ಞಾತವಾಸದಲ್ಲಿ ಸುಜಾನ್ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ.

ಯುದ್ಧ ಮುಗಿದು 1919ರಲ್ಲಿ ಇಂಗ್ಲೆಂಡಿನ ವಿಂಬಲ್ಡನ್ ಪಂದ್ಯಾವಳಿ ಮತ್ತೆ ಆರಂಭವಾಯಿತು. ಇಪ್ಪತ್ತು ವರ್ಷದ ಸುಜಾನ್ ಅಲ್ಲಿಗೆ ಮೊದಲ ಬಾರಿಗೆ ಬಂದಳು. ಹುಲ್ಲಿನ ಅಂಕಣ ಅವಳಿಗೆ ಹೊಸದು. ಆ ಕಾಲದ ನಿಯಮದಂತೆ ಹಿಂದಿನ ವಿಜೇತೆಯು ಆರಂಭದ ಸುತ್ತುಗಳಲ್ಲಿ ಆಡಬೇಕಾಗಿರಲಿಲ್ಲ. ಉಳಿದವರೆಲ್ಲರನ್ನೂ ಸೋಲಿಸಿ ಬಂದವಳು ಕೊನೆಯಲ್ಲಿ ಅವಳನ್ನು ಎದುರಿಸಬೇಕಾಗಿತ್ತು. ಹಾಗೆ ಸುಜಾನಳಿಗೆ ಎದುರಾದವಳು ಏಳು ಬಾರಿ ವಿಂಬಲ್ಡನ್ ಗೆದ್ದಿದ್ದ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್. ಅವಳ ವಯಸ್ಸು ನಲವತ್ತು. ಸುಜಾನಳ ವಯಸ್ಸಿನ ಎರಡರಷ್ಟು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಮತ್ತು ರಾಣಿ ಮೇರಿ ಪಂದ್ಯವನ್ನು ನೋಡಲು ಬಂದಿದ್ದರು.

ಎರಡು ತಲೆಮಾರುಗಳು ಆ ದಿನ ಬಲೆಯ ಎರಡು ಬದಿಗಳಲ್ಲಿ ನಿಂತಿದ್ದವು. ಒಂದು ಕಡೆ ಕಾಲ್ಬೆರಳು ಮುಟ್ಟುವ ಲಂಗ, ಮಣಿಕಟ್ಟಿನವರೆಗಿನ ತೋಳು, ಸೊಂಟವನ್ನು ಬಿಗಿಯುವ ಒಳಕವಚಗಳ ಕಾಲದ ಆಟಗಾರ್ತಿ. ಇನ್ನೊಂದು ಕಡೆ ಆ ಒಳಕವಚವನ್ನು ಕಿತ್ತೊಗೆದು, ಮೀನಗಂಡದವರೆಗಿನ ಹಗುರವಾದ ಉಡುಪನ್ನೂ ಗಿಡ್ಡ ತೋಳಿನ ಮೇಲಂಗಿಯನ್ನೂ ತೊಟ್ಟ ತರುಣಿ. ಕೆಲವರು ಹುಬ್ಬೇರಿಸಿದರು. ಆದರೆ ಓಡಬೇಕಾದವಳು ಓಡುವುದಕ್ಕೆ ತಕ್ಕ ಉಡುಪನ್ನು ತೊಡಬೇಕೆಂಬುದರಲ್ಲಿ ತಪ್ಪೇನಿದೆಯೆಂಬುದನ್ನು ಅವಳ ಆಟವೇ ಎತ್ತಿ ತೋರಿಸಿತು. ಮೊದಲ ಸೆಟ್ಟನ್ನು 10–8ರಿಂದ ಸುಜಾನ್ ಗೆದ್ದಳು. ಎರಡನೆಯದನ್ನು 6–4ರಿಂದ ಎದುರಾಳಿ ಗೆದ್ದಳು. ಮೂರನೆಯ ಸೆಟ್ಟಿನಲ್ಲಿ 6–5ರ ಮುನ್ನಡೆ ಪಡೆದ ಚೇಂಬರ್ಸ್‌ಗೆ ಪಂದ್ಯ ಮುಗಿಸಲು ಎರಡು ಅವಕಾಶಗಳು ಒದಗಿದವು. ಒಂದರಲ್ಲಿ ಸುಜಾನಳ ರ್‍ಯಾಕೆಟ್ಟಿನ ಅಂಚಿಗೆ ತಗುಲಿದ ಚೆಂಡು ಹೇಗೋ ಬಲೆಯನ್ನು ದಾಟಿ ಆಚೆ ಬಿತ್ತು. ಕೂದಲೆಳೆಯಲ್ಲಿ ಪಾರಾದ ಅವಳು ಕೊನೆಗೆ 9–7ರಿಂದ ಆ ಸೆಟ್ಟನ್ನೂ ಪಂದ್ಯವನ್ನೂ ಗೆದ್ದಳು. ಒಟ್ಟು ನಲವತ್ತನಾಲ್ಕು ಗೇಮುಗಳ ಆ ಸೆಣಸಾಟ ಮುಗಿದಾಗ ಇಬ್ಬರೂ ಬವಳಿ ಬಂದವರಂತಾಗಿದ್ದರು. ನಡುನಡುವೆ ತಂದೆಯು ಮಗಳಿಗೆ ಚೈತನ್ಯ ಬರಲೆಂದು ಬ್ರಾಂದಿಯ ಗುಟುಕನ್ನು ಕುಡಿಸಿದ್ದನೆಂಬುದೂ ನಿಜ. ಅದು ಅನುಕರಣೀಯವಾದ ಪದ್ಧತಿಯಲ್ಲ. ಆ ದುರ್ಬಲ ದೇಹದ ಮೇಲೆ ಎಷ್ಟು ಭಾರ ಹೇರಲಾಗಿತ್ತೆಂಬುದಕ್ಕೆ ಮಾತ್ರ ಅದು ಸಾಕ್ಷಿ.

ಅಂದಿನಿಂದ ಸುಜಾನಳ ಯುಗ ಆರಂಭವಾಯಿತು. 1919ರಿಂದ 1923ರವರೆಗೆ ಸತತವಾಗಿ ಐದು ವರ್ಷ ಅವಳು ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದಳು. ಅದೇ ಐದು ವರ್ಷಗಳಲ್ಲಿ ಎಲಿಜಬೆತ್ ರಯಾನ್‌ಳೊಡನೆ ಮಹಿಳೆಯರ ಡಬಲ್ಸ್ ಪ್ರಶಸ್ತಿಯನ್ನೂ ಗೆದ್ದಳು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಹತ್ತು ಸೆಟ್‌ಗಳ ಆಟದಲ್ಲಿ ಕೇವಲ ನಾಲ್ಕು ಗೇಮ್‌ಗಳನ್ನು ಮಾತ್ರ ಬಿಟ್ಟುಕೊಟ್ಟು ಸಿಂಗಲ್ಸ್ ಚಿನ್ನದ ಪದಕ ಪಡೆದಳು. ಮ್ಯಾಕ್ಸ್ ಡೆಕುಗಿಸ್‌ನೊಡನೆ ಮಿಶ್ರ ಡಬಲ್ಸ್‌ನಲ್ಲಿ ಇನ್ನೊಂದು ಚಿನ್ನವೂ ಮಹಿಳೆಯರ ಡಬಲ್ಸ್‌ನಲ್ಲಿ ಕಂಚಿನ ಪದಕವೂ ಅವಳಿಗೆ ದೊರೆತವು. ಅವಳ ತಲೆಗೆ ಕಟ್ಟಿದ ಬಣ್ಣದ ರೇಷ್ಮೆಯ ಪಟ್ಟಿಯನ್ನು ನೋಡಿ ಹಲವು ದೇಶಗಳ ಹೆಣ್ಣುಮಕ್ಕಳು ಹಾಗೆಯೇ ಕಟ್ಟತೊಡಗಿದರು.

ಅವಳ ಆಟವನ್ನು ನೋಡಲು ಬರುವ ಜನರ ಸಾಲು ಎಷ್ಟು ಉದ್ದವಾಯಿತೆಂದರೆ, ವೊರ್ಪಲ್ ರಸ್ತೆಯ ಹಳೆಯ ವಿಂಬಲ್ಡನ್ ಮೈದಾನ ಸಾಲದೆ ಬಂದಿತು. 1922ರಲ್ಲಿ ಚರ್ಚ್ ರಸ್ತೆಯ ವಿಶಾಲವಾದ ಹೊಸ ಕ್ರೀಡಾಂಗಣಕ್ಕೆ ಪಂದ್ಯಾವಳಿ ವರ್ಗವಾಯಿತು. ಆ ಸ್ಥಳಾಂತರಕ್ಕೆ ಸುಜಾನಳ ಜನಪ್ರಿಯತೆಯೇ ಮುಖ್ಯ ಕಾರಣಗಳಲ್ಲೊಂದೆಂದು ಟೆನಿಸ್ ಇತಿಹಾಸವನ್ನು ಬಲ್ಲವರು ಒಪ್ಪುತ್ತಾರೆ. ಇಂದಿಗೂ ವಿಂಬಲ್ಡನ್ ನಡೆಯುವುದು ಅಲ್ಲಿಯೇ.

ಈ ಅಖಂಡ ವಿಜಯದ ನಡುವೆ ಒಂದು ಕಹಿ ಘಟನೆಯೂ ನಡೆಯಿತು. ಮಹಾಯುದ್ಧದಲ್ಲಿ ನಾಶವಾದ ಫ್ರಾನ್ಸಿನ ಪ್ರದೇಶಗಳ ಪುನರ್ನಿರ್ಮಾಣಕ್ಕೆ ಹಣ ಕೂಡಿಸುವ ಸಲುವಾಗಿ 1921ರಲ್ಲಿ ಸುಜಾನ್ ಅಮೆರಿಕಕ್ಕೆ ಹಡಗಿನಲ್ಲಿ ಹೊರಟಳು. ದೇಹ ಸ್ವಸ್ಥವಾಗಿರಲಿಲ್ಲ, ಪ್ರಯಾಣವೂ ಸುಖಕರವಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯ ಎರಡನೆಯ ಸುತ್ತಿನಲ್ಲಿಯೇ ಅವಳಿಗೆ ನಾರ್ವೆ ಮೂಲದ ಮೋಲಾ ಮ್ಯಾಲರಿ ಎದುರಾದಳು. ಮೊದಲ ಸೆಟ್ಟನ್ನು 2–6ರಿಂದ ಸೋತ ಸುಜಾನ್ ಎರಡನೆಯ ಸೆಟ್ಟಿನ ಆರಂಭದಲ್ಲಿ ಕೆಮ್ಮುತ್ತ, ಕಣ್ಣೀರಿಡುತ್ತ ಆಟವನ್ನು ಬಿಟ್ಟುಕೊಟ್ಟಳು. ಪ್ರೇಕ್ಷಕರು ಅವಳನ್ನು ಹೀಯಾಳಿಸಿದರು. ಸೋಲನ್ನು ಎದುರಿಸಲಾರದೆ ಕಾಯಿಲೆಯ ನೆಪ ಹೂಡಿದಳೆಂದು ಪತ್ರಿಕೆಗಳಲ್ಲಿ ಟೀಕೆ ಬಂದಿತು. ಯುದ್ಧದ ನಂತರದ ಅವಳ ಹವ್ಯಾಸಿ ಜೀವನದಲ್ಲಿ ಸಿಂಗಲ್ಸ್‌ನಲ್ಲಿ ಅವಳು ಕಂಡ ಸೋಲು ಇದೊಂದೇ. ಮರುವರ್ಷ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಅದೇ ಮ್ಯಾಲರಿಯನ್ನು ಅರ್ಧ ಗಂಟೆಗೂ ಕಡಮೆ ಅವಧಿಯಲ್ಲಿ 6–2, 6–0ರಿಂದ ಸೋಲಿಸಿ ಅವಳು ಉತ್ತರ ಕೊಟ್ಟಳು.

1924ರಲ್ಲಿ ಕಾಮಾಲೆಯ ಉಪದ್ರವದಿಂದ ವಿಂಬಲ್ಡನ್ ಪಂದ್ಯಾವಳಿಯ ನಡುವೆ ಹಿಂದೆ ಸರಿಯಬೇಕಾಯಿತು. ಆ ವರ್ಷದ ಪ್ರಶಸ್ತಿ ಇಂಗ್ಲೆಂಡಿನ ಕಿಟಿ ಮೆಕೇನ್‌ಳ ಪಾಲಾಯಿತು. ಮರುವರ್ಷ ಮರಳಿ ಬಂದ ಸುಜಾನ್ ಆ ವಿಜೇತೆಗೆ ಒಂದು ಗೇಮನ್ನೂ ಕೊಡದೆ ಸೋಲಿಸಿದಳು; ಇಡೀ ಪಂದ್ಯಾವಳಿಯ ಐದು ಸಿಂಗಲ್ಸ್ ಪಂದ್ಯಗಳಲ್ಲಿ ಕೇವಲ ಐದು ಗೇಮ್‌ಗಳನ್ನು ಕಳೆದುಕೊಂಡು ಆರನೆಯ ಬಾರಿ ಪ್ರಶಸ್ತಿ ಪಡೆದಳು. ಫ್ರಾನ್ಸಿನ ರಾಷ್ಟ್ರೀಯ ಪಂದ್ಯಾವಳಿಯು ವಿದೇಶೀಯರಿಗೂ ತೆರೆದ ಮೊದಲ ಎರಡು ವರ್ಷಗಳಲ್ಲಿ, ಅಂದರೆ 1925 ಮತ್ತು 1926ರಲ್ಲಿ, ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರನ್ನೂ ಗೆದ್ದಳು.

1926ರ ಫೆಬ್ರವರಿ 16ರಂದು ಫ್ರಾನ್ಸಿನ ಕಾನ್ ನಗರದಲ್ಲಿ ನಡೆದ ಒಂದು ಪಂದ್ಯವು ಅವಳ ಜೀವನದ ದಿಕ್ಕನ್ನು ಅರಿಯಲು ಸಹಾಯಕವಾಗಿದೆ. ಅಮೆರಿಕದ ಇಪ್ಪತ್ತು ವರ್ಷದ ಹೆಲೆನ್ ವಿಲ್ಸ್ ಆಗ ಉದಯಿಸುತ್ತಿದ್ದ ನಕ್ಷತ್ರ. ಇವರಿಬ್ಬರೂ ಸಿಂಗಲ್ಸ್‌ನಲ್ಲಿ ಎದುರಾಗುತ್ತಾರೆಂಬ ಸುದ್ದಿ ಹರಡುತ್ತಲೇ ಹಲವು ದೇಶಗಳ ಪತ್ರಕರ್ತರು ಆ ಊರಿಗೆ ಮುತ್ತಿದರು. ಟಿಕೆಟ್ಟಿನ ಬೆಲೆ ಮನಬಂದಂತೆ ಏರಿತು. ಸ್ಥಳ ಸಿಕ್ಕದವರು ಸುತ್ತಲಿನ ಮನೆಗಳ ಮಾಡುಗಳನ್ನೂ ಮರಗಳನ್ನೂ ಏರಿ ಕುಳಿತರು. ಮೊದಲ ಸೆಟ್ಟನ್ನು ಸುಜಾನ್ 6–3ರಿಂದ ಗೆದ್ದಳು. ಎರಡನೆಯದರಲ್ಲಿ 6–5ರ ಮುನ್ನಡೆಯಲ್ಲಿದ್ದಾಗ ವಿಲ್ಸ್‌ಳ ಚೆಂಡೊಂದು ಗೆರೆಯಾಚೆ ಬಿತ್ತೆಂಬ ಕೂಗು ಕೇಳಿಬಂದಿತು. ಪಂದ್ಯ ಮುಗಿಯಿತೆಂದು ಇಬ್ಬರೂ ಕೈಕುಲುಕಿದರು. ಅಷ್ಟರಲ್ಲಿ ಗೆರೆಯ ಬಳಿಯಿದ್ದ ತೀರ್ಪುಗಾರನು ಮುಂದೆ ಬಂದು, ಚೆಂಡು ಒಳಗೇ ಬಿದ್ದಿತೆಂದೂ ಕೂಗಿದವನು ತಾನಲ್ಲ, ಪ್ರೇಕ್ಷಕನೊಬ್ಬನೆಂದೂ ತಿಳಿಸಿದನು. ಗೆದ್ದ ಪಂದ್ಯವನ್ನು ಮತ್ತೆ ಆಡಬೇಕಾಯಿತು. ಆ ಗೇಮನ್ನು ಸುಜಾನ್ ಕಳೆದುಕೊಂಡಳು. ಆದರೂ ಧೃತಿಗೆಡದೆ 8–6ರಿಂದ ಸೆಟ್ಟನ್ನು ಮುಗಿಸಿದಳು. ಪಂದ್ಯದ ತರುವಾಯ ಅವಳು ಬಿಕ್ಕಿಬಿಕ್ಕಿ ಅತ್ತಳು. ಅಂದು ಪ್ರವೇಶದ ಹಣ ಆಡಿಸಿದವರಿಗೆ ಸೇರಿತು, ಹೋಟೆಲುಗಳು ತುಂಬಿದವು, ಪತ್ರಿಕೆಗಳು ಬಿಸಿಬಿಸಿಯಾಗಿ ಮಾರಾಟವಾದವು. ಆಡಿದ ಇಬ್ಬರಿಗೆ ಮಾತ್ರ ನಿಯಮದ ಪ್ರಕಾರ ಏನೂ ಸಲ್ಲಲಿಲ್ಲ.

ಈ ನಿಯಮದ ಹಿನ್ನೆಲೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಆಟವನ್ನು ಆಟಕ್ಕಾಗಿಯೇ ಆಡಬೇಕು, ಹಣಕ್ಕಾಗಿ ಅಲ್ಲ ಎಂಬ ಹವ್ಯಾಸಿ ಆದರ್ಶವು ಕೇಳುವುದಕ್ಕೆ ಉದಾತ್ತವಾಗಿದೆ. ಆದರೆ ಅದು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರ ನಡುವೆ. ಅಲ್ಲಿನ ಪ್ರಸಿದ್ಧವಾದ ಹೆನ್ಲಿ ದೋಣಿ ಪಂದ್ಯಗಳಲ್ಲಿ 1879ರ ನಿಯಮವು ಕುಶಲಕರ್ಮಿಗಳನ್ನೂ ಕೂಲಿಕಾರರನ್ನೂ ಹವ್ಯಾಸಿಗಳೆಂದು ಎಣಿಸುತ್ತಲೇ ಇರಲಿಲ್ಲ. ಕೈಯಿಂದ ದುಡಿಯುವುದೇ ಅಲ್ಲಿ ಅನರ್ಹತೆ! ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿಯೂ ಸಂಬಳ ಪಡೆಯದ ಮಹನೀಯರು ಬೇರೆ, ಸಂಬಳದ ಆಟಗಾರರು ಬೇರೆ ಎಂಬ ಭೇದ 1962ರವರೆಗೆ ಉಳಿದಿತ್ತು. ಆಸ್ತಿವಂತನಿಗೆ ಹವ್ಯಾಸಿಯಾಗಿರುವುದು ಸುಲಭ. ಮನೆಯಲ್ಲಿ ಅನ್ನವಿಲ್ಲದವನಿಗೆ ಅದು ಅಸಾಧ್ಯ. ಇಷ್ಟಾದರೂ ಟೆನಿಸ್‌ನಲ್ಲಿ ಹೆಸರುವಾಸಿಯಾದ ಆಟಗಾರರಿಗೆ ಪ್ರವಾಸ ಮತ್ತು ವಸತಿಯ ವೆಚ್ಚವೆಂಬ ಹೆಸರಿನಲ್ಲಿ ಗುಟ್ಟಾಗಿ ಹಣ ಸಲ್ಲುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಬಾಯಲ್ಲಿ ಆದರ್ಶ, ಕೈಯಲ್ಲಿ ಲಕೋಟೆ ಎಂಬಂತಾಗಿತ್ತು ಆ ವ್ಯವಸ್ಥೆ.

1926ರ ವಿಂಬಲ್ಡನ್ ಆ ಪಂದ್ಯಾವಳಿಯ ಸುವರ್ಣೋತ್ಸವದ ಸಂದರ್ಭ. ಒಂದು ದಿನ ಸುಜಾನಳ ಪಂದ್ಯಗಳ ವೇಳೆಯ ವಿಷಯದಲ್ಲಿ ಗೊಂದಲವುಂಟಾಯಿತು. ರಾಣಿ ಮೇರಿ ಬಂದು ಕಾದು ಕುಳಿತರೂ ಅವಳು ಬಂದಿರಲಿಲ್ಲ. ತಡವಾಗಿ ಬಂದ ಅವಳನ್ನು ಅಧಿಕಾರಿಗಳು ಕಟುವಾಗಿ ಪ್ರಶ್ನಿಸಿದರು. ಅವಳು ಕುಸಿದು ಆಡಲಾರೆನೆಂದಳು. ರಾಣಿಯನ್ನು ಅವಮಾನಿಸಿದಳೆಂಬ ಸುದ್ದಿ ಊರೆಲ್ಲ ಹಬ್ಬಿತು. ಏಳು ವರ್ಷಗಳಿಂದ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಜನರೇ ಮುಖ ತಿರುಗಿಸಿದರು. ಅವಳು ಪಂದ್ಯಾವಳಿಯಿಂದ ಹಿಂದೆ ಸರಿದಳು. ಮತ್ತೆಂದೂ ಅಲ್ಲಿ ಆಡಲಿಲ್ಲ. ತಪ್ಪು ಯಾರದೇ ಇರಲಿ, ಜನರ ಮೆಚ್ಚಿಕೆಯೊಂದನ್ನೇ ಸಂಬಳವಾಗಿ ಪಡೆದವರ ಗತಿ ಏನೆಂಬುದು ಆ ದಿನ ಅವಳಿಗೆ ಮನದಟ್ಟಾಗಿರಬೇಕು. ಮನೆಯ ಪರಿಸ್ಥಿತಿಯೂ ಮೊದಲಿನಂತಿರಲಿಲ್ಲ. ತಂದೆಯ ಆರೋಗ್ಯ ಕೆಟ್ಟಿತ್ತು. ಪಿತ್ರಾರ್ಜಿತ ಹಣವೂ ಕರಗುತ್ತ ಬಂದಿತ್ತು.

ಅದೇ ಆಗಸ್ಟ್ ತಿಂಗಳಿನಲ್ಲಿ ಸುಜಾನ್ ಅಮೆರಿಕದ ಕ್ರೀಡಾ ವ್ಯವಸ್ಥಾಪಕ ಚಾರ್ಲ್ಸ್ ಪೈಲ್ ಎಂಬವನೊಡನೆ 50,000 ಡಾಲರುಗಳ ಕರಾರಿಗೆ ಸಹಿ ಹಾಕಿದಳು. ಟೆನಿಸ್‌ನ ಅಗ್ರ ತಾರೆಯೊಬ್ಬಳು ಬಹಿರಂಗವಾಗಿ ವೃತ್ತಿಪರಳಾದುದು ಅದೇ ಮೊದಲು. ತನ್ನ ನಿರ್ಧಾರಕ್ಕೆ ಅವಳು ಕೊಟ್ಟ ಕಾರಣಗಳಲ್ಲಿ ಅಂಜಿಕೆಯಿರಲಿಲ್ಲ. ಇಷ್ಟು ವರ್ಷ ತನ್ನ ಆಟದಿಂದ ಇತರರು ಅಪಾರವಾದ ಹಣ ಗಳಿಸಿದರು. ತನಗೆ ಮಾತ್ರ ಬದುಕುವ ದಾರಿಯೂ ಆಗಲಿಲ್ಲ. ಬೇರೆಲ್ಲ ವೃತ್ತಿಗಳಲ್ಲಿ ಪರಿಣತಿಗೆ ಪ್ರತಿಫಲ ಇರುವಾಗ ಟೆನಿಸ್‌ನಲ್ಲಿ ಮಾತ್ರ ಅದೇಕೆ ಅಪರಾಧವಾಗಬೇಕು? ಈ ನಿಯಮವಿದ್ದರೆ ಶ್ರೀಮಂತರಲ್ಲದೆ ಮತ್ತಾರೂ ಆಟದಲ್ಲಿ ಮುಂದೆ ಬರಲಾರರಲ್ಲವೆ? ಇದು ಅವಳ ವಾದದ ಸಾರಾಂಶ. ಇಂದಿನ ಓದುಗರಿಗೆ ಇದು ತೀರ ಸಾಮಾನ್ಯವಾದ ಮಾತಾಗಿ ತೋರಬಹುದು. ಆದರೆ ಅಂದು ಅದನ್ನು ಹೇಳಿದ್ದಕ್ಕೆ ತೆರಬೇಕಾದ ಬೆಲೆ ಅಗಾಧವಾಗಿತ್ತು.

1926ರ ಅಕ್ಟೋಬರ್ 9ರಂದು ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ರವಾಸದ ಮೊದಲ ಪಂದ್ಯ ನಡೆಯಿತು. ಸುಮಾರು 13,000 ಜನ ನೆರೆದಿದ್ದರು. ಹಿಂದೆ ಮೂರು ಬಾರಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿ ಪಡೆದಿದ್ದ ಮೇರಿ ಬ್ರೌನ್ ಅವಳ ಎದುರಾಳಿ. ಸುಜಾನ್ 6–1, 6–1ರಿಂದ ಗೆದ್ದಳು. ವಿನ್ಸೆಂಟ್ ರಿಚರ್ಡ್ಸ್, ಹೋವರ್ಡ್ ಕಿನ್ಸಿ, ಪಾಲ್ ಫೆರೆ ಮೊದಲಾದ ಪುರುಷ ಆಟಗಾರರೂ ತಂಡದಲ್ಲಿದ್ದರು. ಊರಿಂದೂರಿಗೆ ರೈಲಿನಲ್ಲಿ ಸುತ್ತುತ್ತ, ಇಂದು ಒಂದು ಸಭಾಂಗಣ ನಾಳೆ ಇನ್ನೊಂದು ಎಂಬಂತೆ ತಂಡವು 1927ರ ಫೆಬ್ರವರಿಯವರೆಗೆ ಸಂಚರಿಸಿತು. ಮೇರಿ ಬ್ರೌನ್‌ಳೊಡನೆ ಆಡಿದ ಮೂವತ್ತೆಂಟು ಪಂದ್ಯಗಳನ್ನೂ ಸುಜಾನ್ ಗೆದ್ದಳು. ಅದೇ ವರ್ಷ ಬ್ರಿಟನ್ನಿನಲ್ಲಿಯೂ ಅವಳು ಕೆಲವು ವೃತ್ತಿಪರ ಪಂದ್ಯಗಳನ್ನು ಆಡಿದಳು.

ಆದರೆ ಗೆಲುವಿನ ಈ ಸಾಲಿನಲ್ಲಿಯೇ ಸೋಲೊಂದು ಅಡಗಿತ್ತು. ವಿಂಬಲ್ಡನ್ನಿನ ಆಲ್ ಇಂಗ್ಲೆಂಡ್ ಕ್ಲಬ್ಬು ಅವಳಿಗೆ ಕೊಟ್ಟಿದ್ದ ಗೌರವ ಸದಸ್ಯತ್ವವನ್ನು ರದ್ದು ಮಾಡಿತು. ಸ್ವದೇಶದ ಪಂದ್ಯಾವಳಿಗಳ ಬಾಗಿಲೂ ಮುಚ್ಚಿತು. ಹೆಲೆನ್ ವಿಲ್ಸ್‌ಳಂಥ ಸಮಬಲರೆಲ್ಲ ಹವ್ಯಾಸಿಗಳಾಗಿಯೇ ಉಳಿದುದರಿಂದ ಅವರೊಡನೆ ಆಡುವಂತಿರಲಿಲ್ಲ. ಪುರುಷರಲ್ಲಿ ವೃತ್ತಿಪರರ ಗುಂಪೊಂದು ಮೆಲ್ಲಮೆಲ್ಲನೆ ಬೆಳೆಯಿತು. ಮಹಿಳೆಯರಲ್ಲಿ ಅವಳ ಹಿಂದೆ ಬರುವವರೇ ಇರಲಿಲ್ಲ. ಎದುರಾಳಿಯಿಲ್ಲದ ಮಲ್ಲನಿಗೆ ಅಖಾಡವಿದ್ದು ಫಲವೇನು? ಇಪ್ಪತ್ತೆಂಟು ವರ್ಷ ವಯಸ್ಸಿನಲ್ಲಿ, ಶಕ್ತಿಯಿನ್ನೂ ಉಡುಗದಿರುವಾಗಲೇ, ಸುಜಾನ್ ಲೆಂಗ್ಲೆನ್ ಸ್ಪರ್ಧೆಯ ಅಂಕಣದಿಂದ ಮರೆಯಾದಳು. 1928ರಲ್ಲಿ ಪ್ಯಾರಿಸ್‌ನಲ್ಲಿ ರೋಲಾಂ ಗಾರೋಸ್ ಕ್ರೀಡಾಂಗಣ ತಲೆಯೆತ್ತಿ ಫ್ರಾನ್ಸಿನ ಪಂದ್ಯಾವಳಿ ಅಲ್ಲಿಗೆ ಬಂದಿತು. ಆ ದೇಶದ ಅತ್ಯಂತ ಶ್ರೇಷ್ಠ ಆಟಗಾರ್ತಿಗೆ ಅಲ್ಲಿ ಪ್ರಶಸ್ತಿಗಾಗಿ ಆಡುವ ಯೋಗ ಬರಲಿಲ್ಲ.

1929ರಲ್ಲಿ ತಂದೆ ಚಾರ್ಲ್ಸ್ ನಿಧನನಾದನು. ತನ್ನನ್ನು ಕಟ್ಟಿದ ಕೈಯೂ ಕಟ್ಟಿಹಾಕಿದ ಕೈಯೂ ಅದೊಂದೇ ಆಗಿತ್ತು. ಆಮೇಲಿನ ಕೆಲವು ವರ್ಷ ಅವಳು ಕ್ರೀಡಾ ಉಡುಪುಗಳ ವ್ಯಾಪಾರದಲ್ಲಿ ತೊಡಗಿದ್ದಳು. ಆದರೆ ಅವಳ ಮನಸ್ಸು ನೆಲೆನಿಂತುದು ಬೋಧನೆಯಲ್ಲಿ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಟೆನಿಸ್ ಶಾಲೆಯನ್ನು ನಡೆಸಿ ನೂರಾರು ಮಕ್ಕಳಿಗೆ ರ್‍ಯಾಕೆಟ್ ಹಿಡಿಯುವುದನ್ನು ಕಲಿಸಿದಳು. ಮೊದಲಿನಿಂದಲೂ ಆಟದ ಕ್ರಮವನ್ನು ಬರೆದು ತಿಳಿಸುವುದರಲ್ಲಿ ಅವಳಿಗೆ ಆಸಕ್ತಿಯಿತ್ತು. ಬಾಲಕಿಯರಿಗಾಗಿ ಟೆನಿಸ್ ಕುರಿತ ಪುಸ್ತಕವನ್ನು ಕೀರ್ತಿಯ ಆರಂಭದ ದಿನಗಳಲ್ಲಿಯೇ ಬರೆದಿದ್ದಳು. ಹಿಂದೆ ಅವಳನ್ನು ಹೊರಗಿಟ್ಟಿದ್ದ ಫ್ರಾನ್ಸಿನ ಟೆನಿಸ್ ಆಡಳಿತವೇ ಕ್ರಮೇಣ ಅವಳ ಶಾಲೆಗೆ ಬೆಂಬಲ ನೀಡಿತು. 1938ರಲ್ಲಿ ರಾಷ್ಟ್ರೀಯ ಟೆನಿಸ್ ಶಾಲೆಯ ಮೊದಲ ನಿರ್ದೇಶಕಿಯ ಸ್ಥಾನ ಅವಳನ್ನು ಅರಸಿಕೊಂಡು ಬಂದಿತು. ಹಣಕ್ಕಾಗಿ ಆಟವನ್ನು ಮಾರಿಕೊಂಡಳೆಂದು ಜರೆಯಲ್ಪಟ್ಟವಳು ತನ್ನ ವಿದ್ಯೆಯನ್ನು ಮಕ್ಕಳಿಗೆ ಧಾರೆಯೆರೆಯುತ್ತ ಬಾಳಿನ ಕೊನೆಯ ಭಾಗವನ್ನು ಕಳೆದಳೆಂಬುದು ಗಮನಾರ್ಹವಾಗಿದೆ.

ಆ ಹೊಸ ಹೊಣೆಯನ್ನು ಬಹುಕಾಲ ನಿರ್ವಹಿಸುವ ಅವಕಾಶವನ್ನು ವಿಧಿ ಅವಳಿಗೆ ಕೊಡಲಿಲ್ಲ. ಅದೇ ಬೇಸಿಗೆಯಲ್ಲಿ ಅವಳು ಉಗ್ರವಾದ ರಕ್ತಹೀನತೆಯಿಂದ ಹಾಸಿಗೆ ಹಿಡಿದಳು. 1938ರ ಜುಲೈ 2ರಂದು ಹೆಲೆನ್ ವಿಲ್ಸ್ ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿಯನ್ನು ಎಂಟನೆಯ ಬಾರಿ ಗೆದ್ದು ಹೊಸ ದಾಖಲೆ ಮಾಡಿದಳು. ಎರಡು ದಿನಗಳ ಬಳಿಕ, ಜುಲೈ 4ರಂದು, ಸುಜಾನ್ ಪ್ಯಾರಿಸ್‌ನಲ್ಲಿ ಕೊನೆಯುಸಿರೆಳೆದಳು. ಆಗ ಅವಳ ವಯಸ್ಸು ಕೇವಲ ಮೂವತ್ತೊಂಬತ್ತು. ನಗರದ ಅಂಚಿನ ಸೇಂಟ್ ವಾನ್ ರುದ್ರಭೂಮಿಯಲ್ಲಿ ಅವಳ ಸಮಾಧಿಯಿದೆ.

ಅವಳು ಎತ್ತಿದ ಪ್ರಶ್ನೆ ಅವಳೊಡನೆ ಮಣ್ಣಾಗಲಿಲ್ಲ. ಅವಳು ತೀರಿಕೊಂಡ ಮೂವತ್ತು ವರ್ಷಗಳ ಮೇಲೆ, 1968ರಲ್ಲಿ, ಹವ್ಯಾಸಿ ಮತ್ತು ವೃತ್ತಿಪರ ಎಂಬ ಗೋಡೆಯನ್ನು ಟೆನಿಸ್ ಲೋಕ ಕೊನೆಗೂ ಕೆಡವಿತು. ಆ ವರ್ಷ ವಿಂಬಲ್ಡನ್ ಮೊದಲ ಬಾರಿಗೆ ವಿಜೇತರಿಗೆ ಬಹಿರಂಗವಾಗಿ ಹಣ ನೀಡಿತು: ಪುರುಷರಿಗೆ 2,000 ಪೌಂಡು, ಮಹಿಳೆಯರಿಗೆ 750 ಪೌಂಡು. ಒಂದು ಅನ್ಯಾಯ ತೊಲಗಿದಲ್ಲಿ ಇನ್ನೊಂದು ಕಾಣಿಸಿಕೊಂಡಿತು. 1970ರಲ್ಲಿ ಬಿಲ್ಲಿ ಜೀನ್ ಕಿಂಗ್ ಮತ್ತು ಎಂಟು ಮಂದಿ ಸಂಗಾತಿಗಳು ಒಂದು ಡಾಲರಿನ ಸಾಂಕೇತಿಕ ಕರಾರಿಗೆ ಸಹಿ ಹಾಕಿ ಮಹಿಳೆಯರ ಪ್ರತ್ಯೇಕ ವೃತ್ತಿಪರ ಪಂದ್ಯಗಳಿಗೆ ನಾಂದಿ ಹಾಡಿದರು. 1973ರಲ್ಲಿ ಅಮೆರಿಕದ ಪಂದ್ಯಾವಳಿಯು ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ಕೊಡತೊಡಗಿತು. ವಿಂಬಲ್ಡನ್ 2007ರಲ್ಲಿ ಆ ದಾರಿಗೆ ಬಂದಿತು. ಸುಜಾನ್ ಒಬ್ಬಳೇ ನಡೆದ ಕಾಲುಹಾದಿ ಹೀಗೆ ಹೆದ್ದಾರಿಯಾಯಿತು. ರೋಲಾಂ ಗಾರೋಸ್‌ನಲ್ಲಿ ಮಹಿಳೆಯರ ಸಿಂಗಲ್ಸ್ ವಿಜೇತೆಗೆ ಕೊಡುವ ಪ್ರಶಸ್ತಿಪಾತ್ರೆಗೆ ಈಗ ಅವಳದೇ ಹೆಸರು. ತಾನು ಎಂದೂ ಪ್ರಶಸ್ತಿಗಾಗಿ ಆಡದ ಆ ಕ್ರೀಡಾಂಗಣದ ಎರಡನೆಯ ದೊಡ್ಡ ಅಂಕಣವೂ ಅವಳ ಹೆಸರನ್ನು ಹೊತ್ತಿದೆ.

ಸುಜಾನ್ ಲೆಂಗ್ಲೆನ್ ದೋಷರಹಿತಳಾಗಿರಲಿಲ್ಲ. ಮುಂಗೋಪ, ಅತಿಯಾದ ಭಾವಾವೇಶ, ಸೋಲಿನ ಭಯ ಇವು ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಅವಳ ಬಾಲ್ಯವನ್ನು ನೋಡಿದರೆ ಮಕ್ಕಳ ಮೇಲೆ ಗೆಲುವಿನ ಹೊರೆಯನ್ನು ಹೇರುವ ತಂದೆತಾಯಿಗಳಿಗೂ ಅದರಲ್ಲೊಂದು ಪಾಠವಿದೆ. ಆದರೆ ಕರವಸ್ತ್ರದ ಗುರಿಯಿಟ್ಟು ವರ್ಷಗಟ್ಟಲೆ ಮಾಡಿದ ಸಾಧನೆ, ದುರ್ಬಲವಾದ ದೇಹವನ್ನು ಮೀರಿ ನಿಂತ ಛಲ, ತಾನು ಮಾಡುವ ಕೆಲಸಕ್ಕೆ ಗೌರವದೊಡನೆ ಪ್ರತಿಫಲವೂ ಸಲ್ಲಬೇಕೆಂದು ಎದೆಯುಬ್ಬಿಸಿ ಕೇಳಿದ ಧೈರ್ಯ ಇವು ಅವಳನ್ನು ಸಾಮಾನ್ಯ ವಿಜೇತರ ಸಾಲಿನಿಂದ ಮೇಲೆತ್ತಿವೆ. ಆಟದ ಬಯಲಿಗೆ ಇಳಿಯುವ ಇಂದಿನ ಬಡ ಮನೆಯ ಬಾಲಕಿಯು ಆಟವನ್ನು ತನ್ನ ಬಾಳಿನ ವೃತ್ತಿಯಾಗಿ ಆರಿಸಿಕೊಳ್ಳಲು ನಾಚಬೇಕಾಗಿಲ್ಲ. ನಿಷ್ಠೆಯಿಂದ ಮಾಡಿದ ಯಾವ ದುಡಿಮೆಯಾದರೂ ಕಾಯಕವೇ ಎಂದು ನಂಬಿದವರಿಗೆ ಆ ಫ್ರೆಂಚ್ ಹೆಣ್ಣುಮಗಳು ಪರಕೀಯಳಾಗಿ ತೋರಲಾರಳು.